ಮೂರನೇ ಮನಿಗೆ ಕೇಳುವ ಹೆಸರು

ತೊಟ್ಟಿಲು ತೂಗುಹಾಕಿದ ಕೊಂಡಿ ಕಿತ್ತು ಬರಬಹುದಿತ್ತು. ಕೊಂಡಿ ಗಟ್ಟಿಯಿದ್ದರೂ ಗಾಂಧಿ ಚೌಕದಲ್ಲಿ ಚೌಕಾಸಿ ಮಾಡಿ ತಂದ ಹಗ್ಗ ಸಡಿಲಾಗಬಹುದಿತ್ತು. ಗುಗ್ಗರಿಯ ಕಡಲೆ ಸರಿಯಾಗಿ ಬೇಯದೆ, ಬೀಗರ ಕಡೆಯ ಹಿರಿಯರೊಬ್ಬರ ಕಟ್ಟಿಸಿಕೊಂಡ ಹಲ್ಲು ಅದಕ್ಕೆ ಬಲಿಯಾಗಬಹುದಿತ್ತು. ತಿಕೋಟಾದಿಂದ ಬರುವ ಅವರ ಗಾಡಿ ದಾರಿಯಲ್ಲಿ ಪಂಕ್ಚರ್ ಆಗಬಹುದಿತ್ತು. ಆಗದಿದ್ದರೆ, ಹೇಳಿದ್ದಕ್ಕಿಂತ ಒಂದು ಗಾಡಿ ಹೆಚ್ಚೇ ಬರಬಹುದಿತ್ತು. ಬಂದ ಹೆಂಗಸರಲ್ಲಿ ಯಾರೋ ಒಬ್ಬರಿಗೆ ಕುಪ್ಪಸದ ಖಣ ಕೊಡಲು ಮರೆತು, ಆ ಮರೆವಿನ ಮಾತು ಮೊಮ್ಮಕ್ಕಳ ಮದುವೆಯವರೆಗೂ ನಡೆಯಬಹುದಿತ್ತು. ಶಾಮಿಯಾನಾದ ಕಂಬ ಪಕ್ಕದ ಮನೆಯವರ ಕಾರಿನ ಮೇಲೆ ಒರಗಬಹುದಿತ್ತು. ಹೋಳಿಗೆಯ ಹೂರಣ ಹಳಸಬಹುದಿತ್ತು. ಕೂಸು ಅತ್ತು ಅತ್ತು ನೀಲಿಯಾಗಬಹುದಿತ್ತು, ಅಥವಾ ಅಳದೆಯೇ ಇದ್ದು ನನ್ನನ್ನು ಇನ್ನೂ ಹೆಚ್ಚು ಹೆದರಿಸಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಕೂಸಿನ ಸೋದರತ್ತೆ ಕಿವಿಯಲ್ಲಿ ಬೇರೆ ಹೆಸರು ಹೇಳಿಬಿಡಬಹುದಿತ್ತು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಂದೆಯ ಅಕ್ಕನೋ ತಂಗಿಯೋ ಬಗ್ಗಿ, ಕೂಸಿನ ಕಿವಿಗೆ ಬಾಯಿಟ್ಟು ‘ಕುರ್ರ್’ ಎಂದು ಹೆಸರು ಉಸುರುತ್ತಾಳೆ. ಸುತ್ತ ನಿಂತ ಹೆಂಗಸರು ಆಗ ಅವಳ ಬೆನ್ನಿಗೆ ಧಬಧಬ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆಂದು ನಾನು ಕೇಳಿದವರಿಗೆಲ್ಲ ಒಂದೊಂದು ಉತ್ತರವಿತ್ತು; ಗುದ್ದುವ ಅವಕಾಶವನ್ನು ಮಾತ್ರ ಯಾರೂ ಬಿಟ್ಟದ್ದು ನೋಡಿಲ್ಲ. ಆಮೇಲೆ ಅವಳು ನೆಟ್ಟಗೆ ನಿಂತು ಅದೇ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅಜ್ಜ, ಅಜ್ಜಿ, ಹಡೆದ ತಾಯಿ ಯಾರೇ ಏನೇ ನಿಶ್ಚಯಿಸಿರಲಿ, ಬಗ್ಗಿದವಳ ಬಾಯಿಂದ ಬಂದದ್ದೇ ಹೆಸರು. ಒಮ್ಮೆ ಕಿವಿಗೆ ಬಿದ್ದದ್ದನ್ನು ವಾಪಸು ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ.

ನನ್ನ ಮಗಳು ಶ್ವೇತಾ ತನ್ನ ಮಗಳಿಗೆ ಇಡಬೇಕೆಂದು ಹಟ ಹಿಡಿದ ಹೆಸರು ದಾನಮ್ಮ. ಹೆಸರು ಹೇಳುವ ಅಧಿಕಾರವಿದ್ದವಳು ಅಳಿಯನ ಅಕ್ಕ. ಆ ಹೆಸರು ಖಂಡಿತ ಬೇಡವೆಂದು ಅವಳ ಹಟ. ನಡುವೆ ನಾನು, ಹಗ್ಗ, ಕಡಲೆ.

“ನಿಮ್ಮ ಚಿಂತೀನೆಲ್ಲಾ ಒಂದು ಬುಟ್ಟ್ಯಾಗ ತುಂಬಿ ಇಟ್ರ, ಬೀಗರು ತಗೊಂಡು ಹೋಗೂದಕ್ಕ ಬ್ಯಾರೆ ಏನೂ ಬ್ಯಾಡ,” ಎಂದು ನನ್ನಾಕೆ ಹೇಳುತ್ತಲೇ ಇದ್ದಳು.

ದಾನಮ್ಮ ಎಂಬುದು ನಾನು ಇಲ್ಲಿ ಬರೆಯಹೊರಟವರ ಹೆಸರು. ಅವರ ಹೆಸರನ್ನು ಹೊರಗೆಡಹಿದೆನೆಂದು ಯಾರೂ ತಿಳಿಯಬಾರದು. ವಿಜಯಪುರದ ಬಸ್ ನಿಲ್ದಾಣದಲ್ಲಿ ನಿಂತು ಈ ಹೆಸರು ಕೂಗಿದರೆ ಹಲವು ಮಂದಿ ತಿರುಗಿ ನೋಡುತ್ತಾರೆ. ತಿಕೋಟಾ ಬಸ್ಸಿನ ಕಡೆ ಮುಖ ಮಾಡಿ ಕೂಗಿದರೆ ಇನ್ನೂ ಹೆಚ್ಚು, ಯಾಕೆಂದರೆ ಗುಡ್ಡಾಪುರದ ದೇವಿಗೆ ನಡೆದು ಹೋಗುವವರು ಆ ದಾರಿಯಲ್ಲೇ ಹೋಗುತ್ತಾರೆ. ಹರಕೆ ಹೊತ್ತು ನಡೆದು ಹೋದವರಿಗೆ ಹೆಣ್ಣು ಹುಟ್ಟಿದರೆ ಮತ್ತೇನು ಹೆಸರಿಟ್ಟಾರು? ಹಾಗಾಗಿ ನಮ್ಮ ಸೀಮೆಯಲ್ಲಿ ಆ ಹೆಸರು ಹೇಳಿದರೆ ಯಾರ ಗುರುತೂ ಹತ್ತುವುದಿಲ್ಲ. ಅವರ ಮನೆತನದ ಹೆಸರನ್ನು ನಾನು ಬರೆಯುವುದಿಲ್ಲ. ನಮಗೆಲ್ಲ ಅವರು ಅಕ್ಕೋರು, ಅಂದರೆ ಹೆಣ್ಣುಮಕ್ಕಳಾದ ಮಾಸ್ತರರಿಗೆ ನಮ್ಮ ಕಡೆ ಹೇಳುವ ಮಾತು. ಸಾರವಾಡದ ಪ್ರಾಥಮಿಕ ಶಾಲೆಯಲ್ಲಿ ಅವರು ಮುಖ್ಯ ಅಧ್ಯಾಪಕಿ, ನಾನು ಅವರ ಕೈಕೆಳಗಿನ ಮಾಸ್ತರ. ಇಬ್ಬರೂ ವಿಜಯಪುರದಿಂದ ಬಬಲೇಶ್ವರದ ಬಸ್ಸು ಹಿಡಿದು ಸಾರವಾಡದಲ್ಲಿ ಇಳಿಯುತ್ತಿದ್ದೆವು. ಬಸ್ಸು ತಪ್ಪೀತೆಂದು ನಾನು ಬಹಳ ಮೊದಲೇ ಹೋಗಿ ನಿಲ್ಲುತ್ತಿದ್ದೆ. ಅವರು ಬಸ್ಸಿನ ಜೊತೆಗೇ ಬರುತ್ತಿದ್ದರು. ಒಂದು ದಿನವೂ ತಪ್ಪಿಸಿಕೊಂಡವರಲ್ಲ.

ಗಿಡ್ಡ ಆಳು, ದೊಡ್ಡ ದನಿ. ಚೀಲದಲ್ಲಿ ಕಟಕು ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಏನಾದರೂ ಗಟ್ಟಿ ಮಾತು ಹೇಳುವ ಮೊದಲು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಳ್ಳುವ ಅಭ್ಯಾಸ ಅವರಿಗೆ. ಸೆರಗು ಸೊಂಟದ ಕಡೆ ಹೊರಟಿತೆಂದರೆ ನಾನು ಎದುರಿಗಿದ್ದವನ ಪರವಾಗಿ ಮೊದಲೇ ಚಿಂತೆ ಮಾಡಲು ಶುರು ಮಾಡುತ್ತಿದ್ದೆ.

ಅವರು ಬಂದ ಹೊಸದರಲ್ಲಿ ನಮ್ಮ ಒಂದೇ ತರಗತಿಯಲ್ಲಿ ನಾಲ್ವರು ದಾನಮ್ಮಗಳಿದ್ದರು. ಊರು ಅವರನ್ನು ತನ್ನದೇ ರೀತಿಯಲ್ಲಿ ವಿಂಗಡಿಸಿಕೊಂಡಿತ್ತು: ದೊಡ್ಡ ದಾನವ್ವ, ಸಣ್ಣ ದಾನವ್ವ, ಕರೇ ದಾನವ್ವ, ಮೆಳ್ಳಗಣ್ಣ ದಾನವ್ವ. ಇಂಥ ಹೆಸರು ಶಾಲೆ ಬಿಟ್ಟರೂ ಬಿಡುವುದಿಲ್ಲ. ಸಣ್ಣ ದಾನವ್ವ ಮೊಮ್ಮಕ್ಕಳನ್ನು ಕಂಡ ಮೇಲೂ ಸಣ್ಣ ದಾನವ್ವನೇ. ಮೊದಲ ದಿನವೇ ಅಕ್ಕೋರು ಹಾಜರಿ ಕರೆಯುತ್ತ ನಿಂತುಬಿಟ್ಟರು. ಮುಂದಿನ ಸಾಲಿನ ಹುಡುಗ ಸಹಾಯಕ್ಕೆಂದು “ಕರೇದು ಬಂದಿಲ್ರಿ ಅಕ್ಕೋರ,” ಎಂದ. ಸೆರಗು ಸೊಂಟಕ್ಕೆ ಹೋಯಿತು.

ನಾನು ಇರುವ ಬುದ್ಧಿಯನ್ನೆಲ್ಲ ಉಪಯೋಗಿಸಿ, “ಒಂದು, ಎರಡು ಅಂತ ನಂಬರ್ ಕೊಟ್ರ ಹೆಂಗ್ರಿ?” ಎಂದೆ.

“ನಂಬರ್ ಹಚ್ಚಾಕ ಅವೇನು ಬಸ್ಸಿನ ಸೀಟೇನ್ರಿ ಸರ?” ಎಂದರು. ಆಮೇಲೆ ಆ ನಾಲ್ವರನ್ನೂ ಎದುರಿಗೆ ನಿಲ್ಲಿಸಿ ಕೇಳಿದರು, “ನಿಮ್ಮವ್ವನ ಹೆಸರೇನ?”

ಅಂದಿನಿಂದ ಅವರು ಗಂಗವ್ವನ ದಾನಮ್ಮ, ಶಾಂತವ್ವನ ದಾನಮ್ಮ, ನೀಲವ್ವನ ದಾನಮ್ಮ, ಕಸ್ತೂರಿಯ ದಾನಮ್ಮ. ಹಿಂದಿನ ಸಾಲಿನಲ್ಲಿದ್ದ ಇಬ್ಬರು ಪರ್ವೀನರೂ ಒಬ್ಬಳು ಮೆಹಬೂಬಿಯ ಪರ್ವೀನ್, ಇನ್ನೊಬ್ಬಳು ಖೈರೂನಳ ಪರ್ವೀನ್ ಆದರು. ಮತ್ತೆ ಕರೇದು ಬಿಳೇದು ಅಂದವನು ಬಾಗಿಲಲ್ಲಿ ನಿಂತು ತನ್ನ ತಾಯಿಯ ಹೆಸರನ್ನು ರಸ್ತೆಗೆ ಕೇಳುವಂತೆ ಕೂಗಬೇಕಿತ್ತು. ಅದು ಶಿಕ್ಷೆಯೋ ಗೌರವವೋ ಹುಡುಗರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಊರಲ್ಲಿ ಗದ್ದಲವಾಗುತ್ತದೆಂದು ನಾನು ಕಾದೆ. ಒಬ್ಬ ತಂದೆ ಬಂದೇ ಬಂದ. “ಅಪ್ಪನ ಹೆಸರು ಇಲ್ಲೇನ್ರಿ ಇದಕ್ಕ?”

“ನಿಮ್ಮ ಹೆಸರು ಸರಕಾರದ ಕಾಗದದಾಗ ಐತಿ, ಎಲ್ಲೂ ಓಡಿ ಹೋಗೂದಿಲ್ಲ,” ಎಂದರು ಅಕ್ಕೋರು. “ಮಂದಿ ಬಾಯಾಗ ಆಕಿ ಹೆಸರು ಇರ್ಲಿ ಬಿಡ್ರಿ. ಇಬ್ಬರಿಗೂ ಒಂದೊಂದು ಜಾಗಾ ಸಿಕ್ಕಂಗಾತು.”

ಅದರ ಮರುದಿನ ಒಬ್ಬ ಹೆಂಗಸು, ಹೊಲಕ್ಕೆ ಹೋಗುವ ಬುತ್ತಿಗಂಟು ತಲೆಯ ಮೇಲಿಟ್ಟುಕೊಂಡು, ಶಾಲೆಯ ಗೇಟಿನಲ್ಲಿ ನಿಂತಳು. ಇವಳು ಜಗಳಕ್ಕೇ ಬಂದವಳೆಂದು ನಾನು ಸಿಬ್ಬಂದಿಯ ಕೋಣೆಯೊಳಗೆ ಸರಿದೆ. ಅವಳು ಮೆಲ್ಲಗೆ ಕೇಳಿದಳು:

“ಅಕ್ಕೋರ, ಸಾಲ್ಯಾಗ ನನ್ನ ಹೆಸರು ಕೂಗ್ತೀರಂತಲ್ರಿ?”

“ನೀ ಶಾಂತವ್ವನೇನ? ಹೌದವಾ, ದಿನಾ ಕೂಗ್ತೇನಿ.”

“ಯಾವಾಗ ಕೂಗ್ತೀರಿ?”

“ಇನ್ನೇನು, ಈಗs.”

ಅವಳು ಕಿಟಕಿಯ ಹೊರಗೆ ನಿಂತಳು. ಅಕ್ಕೋರು ಹಾಜರಿ ಕರೆದರು. “ಶಾಂತವ್ವನ ದಾನಮ್ಮ” ಎಂದಾಗ ಒಳಗಿನಿಂದ ಮಗಳು “ಅದೇನ್ರಿ” ಎಂದಳು, ಅಂದರೆ ಇದ್ದೇನೆ. ಹೊರಗೆ ತಾಯಿ ಬುತ್ತಿಗಂಟು ಸರಿಮಾಡಿಕೊಂಡು ಹೊಲದ ದಾರಿ ಹಿಡಿದಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವಳು ಇಂಥವನ ಹೆಂಡತಿ, ಇಂಥವಳ ಸೊಸೆ, ದಾನವ್ವನ ಅವ್ವ. ತನ್ನ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಲು ಅವಳು ಕೆಲಸಕ್ಕೆ ತಡವಾದರೂ ಬಂದಿದ್ದಳು.

ಹೆಸರಿನ ಅರ್ಥದ ಬಗೆಗೂ ಅಕ್ಕೋರಿಗೆ ರಾಜಿ ಎಂಬುದಿರಲಿಲ್ಲ. ಊರ ಹಿರಿಯರೊಬ್ಬರು ಒಮ್ಮೆ ಶಾಲೆಯ ಸಭೆಯಲ್ಲಿ, ದಾನ ಅಂದರೆ ಕನ್ಯಾದಾನ, ಹೆಣ್ಣು ಹುಟ್ಟೋದೇ ಕೊಡಲಿಕ್ಕೆ, ಎಂದು ಭಾಷಣ ಶುರು ಮಾಡಿದರು. ಅಕ್ಕೋರು ಕುರ್ಚಿಯಿಂದ ಏಳಲೂ ಇಲ್ಲ. “ಕೊಡಾಕಿ ಅಂತ ಅರ್ಥ ರೀ ಗೌಡ್ರ. ಕೊಟ್ಟು ಕಳಿಸೂವಂಥಾಕಿ ಅಂತಲ್ಲ.” ಆಮೇಲೆ ಮಕ್ಕಳ ಕಡೆ ತಿರುಗಿ ಮುಂದುವರಿಸಿದರು. “ಗುಡ್ಡಾಪುರದ ತಾಯಿಗೆ ತೊಟ್ಟಿಲದಾಗ ಇಟ್ಟ ಹೆಸರು ಲಿಂಗಮ್ಮ ಅಂತಿತ್ತಂತ. ಹಸದು ಬಂದೋರಿಗೆ ಉಣ್ಣಾಕ ಹಾಕಿ ಹಾಕಿ ಆಕಿ ಮಂದಿ ಬಾಯಾಗ ದಾನಮ್ಮ ಆದ್ಳು. ನಿಮಗ ಹಂಗs ಪುಕ್ಕಟ ಸಿಕ್ಕೈತಿ. ಸ್ವಲ್ಪ ಕೆಲಸಾ ಮಾಡಿ ಉಳಿಸಿಕೊಳ್ರಿ.”

ಯಾವ ಹೆಸರಿಗಾದರೂ ಅವರದು ಒಂದೇ ಪರೀಕ್ಷೆ. ಬಾಗಿಲಲ್ಲಿ ನಿಂತು ಕೂಗಿದರೆ ಮೂರನೇ ಮನಿಗೆ ಕೇಳಬೇಕು. ಹೆಸರಿಡುವ ಮುಂಚೆ ಸಾರವಾಡದ ಸೊಸೆಯಂದಿರು ಅವರ ಹತ್ತಿರ ಬಂದು ಕೇಳುತ್ತಿದ್ದರು. ಒಂದು ಸಲ ಗಂಡ ಹೆಂಡತಿ ಇಬ್ಬರೂ ಟ್ರ್ಯಾಕ್ಟರಿನಲ್ಲಿ ಬಂದಿಳಿದು, ಫೋನಿನಲ್ಲಿ ಹುಡುಕಿದ ಹೆಸರು ತೋರಿಸಿದರು: ಜಿಯಾಂಶಿ. ಅಕ್ಕೋರು ಪಡಸಾಲೆಗೆ ಹೋಗಿ, ಸೆರಗು ಸಿಗಿಸಿ, ರಸ್ತೆಯ ಕಡೆಗೆ ಕೂಗಿದರು: “ಜಿಯಾಂಶೀ! ಏ ಜಿಯಾಂಶೀ!” ಸೈಕಲ್ಲಿನಲ್ಲಿ ಹೋಗುತ್ತಿದ್ದ ಮುದುಕನೊಬ್ಬ ಕಾಲೂರಿ ನಿಂತು, “ಹೆಂಗ ಕಿಲೋರಿ ಅಕ್ಕೋರ?” ಎಂದ.

ಆ ತಾಯಿ ನಕ್ಕು ನಕ್ಕು ಕಂಬ ಹಿಡಿದು ಕೂತಳು. ಆದರೂ ಅದೇ ಹೆಸರನ್ನೇ ಇಟ್ಟರು. ಅಕ್ಕೋರು ಅದಕ್ಕೆ ಮುಖ ದಪ್ಪಗೆ ಮಾಡಿಕೊಳ್ಳಲಿಲ್ಲ. ಆ ಹುಡುಗಿ ಶಾಲೆಗೆ ಬಂದಾಗ ಮನೆಯವರು, ಗೆಳತಿಯರು ಎಲ್ಲರೂ ಅವಳನ್ನು ‘ಜಿಯಾ’ ಅನ್ನುತ್ತಿದ್ದರು. ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವರು ಅಕ್ಕೋರು ಒಬ್ಬರೇ. “ಹೆಸರು ಯಾವುದರ ಇರ್ಲಿ ಸರ, ಇಟ್ಟ ಮ್ಯಾಲ ಕರೀಬೇಕು. ಇಲ್ಲಂದ್ರ ಟ್ರಂಕಿನಾಗಿನ ಸೀರಿ ಆಗ್ತೈತಿ. ನುಸಿ ತಿಂದು ಹಾಕ್ತಾವ.”

ನನ್ನ ಮಗಳ ಹೆಸರೂ ಆ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. ಅವಳು ಸಣ್ಣವಳಿದ್ದಾಗ ಪಟ್ಟಣದ ಅವಳ ಶಾಲೆಗೆ ರಜೆಯಿದ್ದ ದಿನ ನನ್ನ ಜೊತೆ ಸಾರವಾಡಕ್ಕೆ ಬರುತ್ತಿದ್ದಳು. ಶ್ವೇತಾ ಎಂಬುದು ನಾನು ಬಹಳ ಚಿಂತೆ ಮಾಡಿ, ಯಾರಿಗೂ ಯಾವುದಕ್ಕೂ ಅಡ್ಡಿಯಾಗದ ಹೆಸರೆಂದು ಆರಿಸಿದ್ದು. ಅಕ್ಕೋರು ಅದನ್ನು ಒಮ್ಮೆ ಕೂಗಿ ನೋಡಿ, “ಗೇಟಿನ ತನಕ ಹೋಗ್ತೈತಿ ಸರ, ಮುಂದ ಹೋಗೂದಿಲ್ಲ,” ಎಂದರು. ನನ್ನ ಮುಖ ನೋಡಿ ಮಗಳ ಕಡೆ ತಿರುಗಿದರು. “ತಂಗಿ, ನಿಮ್ಮಪ್ಪ ಮೆತ್ತಗ ಇಟ್ಟಾರ. ಚಿಂತಿಲ್ಲ. ನೀ ಗಟ್ಟಿಯಾಗಿ ಹೇಳು.”

ಮಗಳು ನನ್ನ ಮಗಳೇ. ಅಪರಿಚಿತರ ಮುಂದೆ ಬಾಯಿ ತೆರೆಯುತ್ತಿರಲಿಲ್ಲ. ಅಕ್ಕೋರು ಅವಳನ್ನು ಮೈದಾನದ ನಡುವೆ ನಿಲ್ಲಿಸಿ, ತಾವು ಆ ಕೊನೆಗೆ ಹೋಗಿ ನಿಂತು, “ಯಾರ ಅದು?” ಎಂದು ಕೂಗಿದರು. ಕೇಳಿಸಲಿಲ್ಲ. “ಯಾರ ಅದು?” ಮತ್ತೆ ಕೇಳಿಸಲಿಲ್ಲ. ಎಷ್ಟು ಸಲವೋ ನೆನಪಿಲ್ಲ. ಗಂಟಲು ಹರಿದೀತು, ಜ್ವರ ಬಂದೀತು ಎಂದು ನಾನು ಒದ್ದಾಡುತ್ತಿದ್ದೆ. ಕೊನೆಗೊಮ್ಮೆ ಅವಳು ಕಣ್ಣು ಮುಚ್ಚಿ “ಶ್ವೇತಾ!” ಎಂದು ಕಿರುಚಿದಾಗ ಬೇಲಿಯಾಚೆ ಮೇಯುತ್ತಿದ್ದ ಎಮ್ಮೆ ತಲೆಯೆತ್ತಿತು. ಅಕ್ಕೋರು ಚಪ್ಪಾಳೆ ತಟ್ಟಿದರು. ಈಗ ಆ ಮಗಳ ಹಟದ ಮುಂದೆ ನಾನು ಬಾಯಿಬಿಡಲಾರೆ ಎಂದರೆ ಅದಕ್ಕೆ ಆ ಮೈದಾನವೇ ಕಾರಣ.

ಅವರು ತಮ್ಮ ಹೆಸರಿಗಾಗಿ ಹೋರಾಡಿದ ಕತೆಯನ್ನು ಬಸ್ಸಿನಲ್ಲಿ, ರೊಟ್ಟಿ ಮುರಿಯುತ್ತ, ಯಾರದೋ ಕತೆಯೆಂಬಂತೆ ಹೇಳಿದ್ದರು. ಅವರ ಗಂಡನ ಮನೆ ಬಬಲೇಶ್ವರ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಮದುಮಗ ಬಂಗಾರದ ಉಂಗುರದಿಂದ ಹೊಸ ಸೊಸೆಯ ಹೊಸ ಹೆಸರು ಬರೆಯುವ ಪದ್ಧತಿ ಆ ಮನೆಯಲ್ಲಿತ್ತು. ಅವರ ಗಂಡ ವಿನುತಾ ಎಂದು ಬರೆದರು. ಮನೆಯಲ್ಲಿ ಆಗಲೇ ಒಬ್ಬ ದಾನವ್ವ ಇದ್ದಾಳೆ, ಇನ್ನೊಬ್ಬಳು ಬೇಡವೆಂದು ಅತ್ತೆಯ ತೀರ್ಮಾನ.

“ನಾ ಏನ್ ಮಾಡಿದ್ನಿ ಗೊತ್ತೇನ್ರಿ ಸರ? ಅಂಗೈಲೇ ಅಕ್ಕಿ ಸವರಿ ಬಿಟ್ನಿ. ಅನ್ನಕ್ಕ ಇಡ್ರಿ ಇದನ್ನ, ಹಸದೋರು ಭಾಳ ಮಂದಿ ಕುಂತಾರ ಅಂದ್ನಿ.”

“ಆಮೇಲೆ?”

“ಆಮ್ಯಾಲೇನು. ಅತ್ತಿ ವಿನುತಾ ಅಂತನs ಕರೀತಿದ್ರು, ನಾ ಓ ಅಂತಿರಲಿಲ್ಲ. ಹಟಾ ಮಾಡಾಕತ್ತೇನಿ ಅಂತ ಅವರಿಗೆ ಹೊಳೀಲೇ ಇಲ್ಲ. ಸೊಸಿ ಕಿವುಡಿ ಅಂತ ತಿಳಕೊಂಡು, ಬಿಜಾಪುರಕ್ಕ ಕಿವಿ ಡಾಕ್ಟರ್ ಕಡೆ ಕರಕೊಂಡು ಬಂದ್ರು.”

“ಡಾಕ್ಟರ್ ಏನಂದ್ರು?”

“ಅವರು ಹಿಂದ ನಿಂತು ದಾನಮ್ಮ ಅಂತ ಮೆತ್ತಗ ಅಂದ್ರು. ಡಾಕ್ಟರ್ ನಮ್ಮಪ್ಪಗ ಗುರುತಿನವರು, ಅಪ್ಪ ಅವರಿಗೆ ಹೇಳಿ ಕಳಿಸಿದ್ದ ಹೆಸರು ಅದs ಇತ್ತಲ್ಲ. ನಾ ತಿರುಗಿ ನೋಡಿದ್ನಿ. ಕಿವಿ ಚೊಲೊ ಅದಾವ, ಕರಿಯೋರ್ದು ನೋಡ್ಕೋರಿ, ಅಂದು ಕಳಿಸಿದ್ರು.”

ಮುಂದೊಂದು ದಿನ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದಾಗ ಅತ್ತೆಯ ಬಾಯಿಂದ ಅವಸರದಲ್ಲಿ “ಏ ದಾನಮ್ಮಾ!” ಎಂದೇ ಬಂದಿತಂತೆ. ಅಲ್ಲಿಗೆ ಅದು ಮುಗಿಯಿತು. ಕೊನೆಗಾಲದಲ್ಲಿ ಆ ಅತ್ತೆ ನೀರು ಬೇಕಾದರೂ ದಾನಮ್ಮ, ಸಿಟ್ಟು ಬಂದರೂ ದಾನಮ್ಮ ಎಂದು ಮನೆ ತುಂಬ ಕೂಗುತ್ತಿದ್ದರಂತೆ. ಹೇಳಿ ಮುಗಿಸಿ ಅಕ್ಕೋರು ಹಿಂಡಿಯ ಡಬ್ಬಿ ಮುಚ್ಚಿದರು.

ಅವರು ನಿವೃತ್ತರಾದ ದಿನ ಸಾರವಾಡದವರು ಹಾರ ಹಾಕಿದರು, ಸೀರೆ ಉಡಿಸಿದರು, ಭಾಷಣಗಳಾದವು. ಎಲ್ಲರೂ ಅಕ್ಕೋರು, ನಮ್ಮ ಅಕ್ಕೋರು, ಪೂಜ್ಯ ಅಕ್ಕೋರು ಎಂದರು. ವಾಪಸು ಬರುವಾಗ ಬಸ್ಸಿನ ಕಿಟಕಿಯ ಬಳಿ ಹಾರಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅವರು ಹೊರಗೆ ನೋಡುತ್ತಲೇ ಹೇಳಿದರು:

“ಒಂದು ಮಾತು ನೋಡ್ರಿ ಸರ. ನನ್ನ ಹೆಸರು ಹಿಡದು ಕರಿಯೋರು ಒಬ್ಬರೂ ಉಳೀಲಿಲ್ಲ. ಅವ್ವ ಅಪ್ಪ ಹ್ವಾದ್ರು. ಯಜಮಾನ್ರು ಬದುಕಿದ್ದಾಗೂ ‘ಇಕಿ’ ಅನ್ನೂದು ಬಿಟ್ರ ಬ್ಯಾರೆ ಅಂದವರಲ್ಲ. ಅತ್ತಿ ಒಬ್ಬಾಕಿ ಕರೀತಿದ್ಳು, ಆಕೀನೂ ಹೋದ್ಳು. ಅಷ್ಟು ಜಗಳಾಡಿ ಉಳಿಸಿಕೊಂಡಿದ್ನಿ. ಈಗ ಬರೇ ಅಕ್ಕೋರು ಆಗೇನಿ.”

“ಹೌದ್ರಿ ಅಕ್ಕೋರ,” ಎಂದೆ ನಾನು.

ಅವರು ನನ್ನ ಕಡೆ ತಿರುಗಿ, ಹಾರದ ಚೆಂಡುಹೂ ಉದುರುವಂತೆ ನಕ್ಕರು. ಈ ಮಾತನ್ನು ನಾನು ಅವತ್ತು ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ನನ್ನಾಕೆಯೂ ನಕ್ಕಳು. ಮಗಳು ನಗಲಿಲ್ಲ.

ಹೋದ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು. ಶ್ವೇತಾ ಆಗ ತುಂಬಿದ ಬಸುರಿ, ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಸುದ್ದಿ ಕೇಳಿದವಳು, “ಹೆಣ್ಣಾದ್ರ ಹೆಸರು ದಾನಮ್ಮ,” ಎಂದಳು. “ಕರಿಯೋರು ಇರ್ಬೇಕು ಆ ಹೆಸರಿಗೆ.” ಹೆಣ್ಣೇ ಆಯಿತು.

ಅಳಿಯ ಒಳ್ಳೆಯವನು; ಅಂದರೆ ಯಾರು ಏನು ಹೇಳಿದರೂ ಆಗಲಿ ಅನ್ನುತ್ತಾನೆ. ಆದರೆ ಅವನ ತಾಯಿ ತೀರಿಹೋದ ಮೇಲೆ ಆ ಮನೆಯ ಯಜಮಾನಿಕೆ ಅವನ ಅಕ್ಕ ಅರ್ಪಿತಾಳದು. ಅವಳನ್ನು ಕೊಟ್ಟದ್ದೂ ತಿಕೋಟಾದಲ್ಲೇ, ಎರಡು ಓಣಿ ಆಚೆಗೆ. ತೊಟ್ಟಿಲ ಕಾರ್ಯಕ್ಕೆ ಕರೆಯಲು ನಾನು ತಿಕೋಟಾಕ್ಕೆ ಹೋದಾಗ ಅವಳು ತಮ್ಮ ಮಣೂಕದ ಶೆಡ್ಡಿನಲ್ಲಿದ್ದಳು. ಒಣಗಿಸಿದ ದ್ರಾಕ್ಷಿಯ ರಾಶಿ ಮುಂದಿಟ್ಟುಕೊಂಡು ನಾಲ್ಕಾರು ಹೆಂಗಸರೊಂದಿಗೆ ಹಸಿರು ಬೇರೆ, ಕಪ್ಪು ಬೇರೆ ಆರಿಸುತ್ತಿದ್ದಳು. ನಾನು ಹೆಸರಿನ ಮಾತು ತೆಗೆದೆ.

“ಅದೊಂದು ಬಿಟ್ಟು ಬ್ಯಾರೆ ಯಾವುದರ ಹೇಳ್ರಿ ಕಾಕಾರ. ಶಿವಾನ್ಯಾ ಅಂತ ನೋಡಿಟ್ಟೇನಿ. ಫೋನಿನಾಗ ಅರ್ಥಾನೂ ಬರದಾರ.”

“ದಾನಮ್ಮಗೂ ಚೊಲೊ ಅರ್ಥ ಐತ್ರಿ ತಂಗಿ.”

ಅವಳು ಕೈ ನಿಲ್ಲಿಸಿದಳು. “ಅರ್ಥ ನನಗ ಹೇಳಬ್ಯಾಡ್ರಿ. ನನ್ನ ಹೆಸರೇನಿತ್ತು ಗೊತ್ತೈತೇನು? ದಾನವ್ವ. ಅರ್ಪಿತಾ ಅನ್ನೂದು ಮದುವಿ ತಾಟಿನಾಗ ಬಂದಿದ್ದು. ಖುಷೀಲೆ ತಗೊಂಡ್ನಿ. ನಮ್ಮ ಸಾಲ್ಯಾಗ ಎಷ್ಟ ಮಂದಿ ದಾನವ್ವ ಇದ್ರು, ಅದರಾಗ ನಾ ಕರೇ ದಾನವ್ವ. ಮಾಸ್ತರೂ ಹಂಗs ಕರೀತಿದ್ರು. ಸಾಲಿಗೆ ಹೋಗೂದಿಲ್ಲಂತ ಎಷ್ಟ ಅತ್ತೇನಿ ಅವ್ವನ ಮುಂದ! ನಮ್ಮ ತಮ್ಮನ ಕೂಸಿಗೆ ಆ ಹೆಸರು ನನ್ನ ಬಾಯಿಂದ ಬರೂದಿಲ್ಲ.”

ಏನೇನು ತೊಂದರೆ ಬರಬಹುದೆಂದು ಬಸ್ಸಿನಲ್ಲಿ ಕೂತು ನಾನು ಯೋಚಿಸಿದ್ದರಲ್ಲಿ ಇದೊಂದು ಇರಲಿಲ್ಲ. ಎದ್ದು ಬರುವುದೇ ಸರಿಯೆನ್ನಿಸಿತು. ಮನೆಯಲ್ಲಿ ಬಾಣಂತಿಕೋಣೆಯ ಮಂಚದ ಮೇಲೆ ಕೂತಿರುವ ಮಗಳ ಮುಖ ನೆನಪಾಗಿ ಅಲ್ಲೇ ಕೂತೆ. ಬೇರೆ ದಾರಿ ಕಾಣದೆ ಅಕ್ಕೋರ ಕತೆ ಹೇಳಿದೆ. ಹಾಜರಿ, ನಾಲ್ವರು ಹುಡುಗಿಯರು, ಕಿಟಕಿಯ ಹೊರಗೆ ನಿಂತ ಶಾಂತವ್ವ. ಅರ್ಪಿತಾಳ ಕೈ ಮತ್ತೆ ಮಣೂಕದಲ್ಲಿ ಆಡುತ್ತಿತ್ತು.

“ಮತ್ತ ಯಾರೂ ಕರೇದು ಅನ್ನಲಿಲ್ಲಾ?”

“ಅಂದೋನು ಬಾಗಲದಾಗ ನಿಂತು ತಮ್ಮವ್ವನ ಹೆಸರು ಕೂಗಬೇಕಿತ್ತು.”

ಅವಳು ಇನ್ನೊಂದು ಹಿಡಿ ಮಣೂಕ ಆರಿಸಿ ಮುಗಿಸಿದಳು. ಆಮೇಲೆ ಮಣೂಕಕ್ಕೆ ಹೇಳುವವಳಂತೆ, “ನಮ್ಮವ್ವನ ಹೆಸರು ಬಾಳವ್ವ,” ಎಂದಳು.

ನಾನು ಏಳುವಾಗ ಒಂದು ಬೊಗಸೆ ಮಣೂಕ ನನ್ನ ಕರವಸ್ತ್ರಕ್ಕೆ ಸುರಿದಳು. ಹೆಸರು ಏನಾಯಿತೆಂದು ಕೇಳಿದರೆ, “ನೋಡೂಣು,” ಎಂದಳು. ತಿಕೋಟಾದಿಂದ ವಿಜಯಪುರದವರೆಗೆ ಆ ‘ನೋಡೂಣು’ವನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದೆ. ಹೌದು ಎಂದೂ ಕಾಣಲಿಲ್ಲ, ಇಲ್ಲ ಎಂದೂ ಕಾಣಲಿಲ್ಲ. ಮಣೂಕ ಮಾತ್ರ ಖಾಲಿಯಾಯಿತು.

“ಬ್ಯಾರೆ ಹೆಸರು ಹೇಳಿದ್ರ?” ಎಂದು ಮಗಳನ್ನು ಕೇಳಿದೆ.

“ಆಕಿ ಕಿವ್ಯಾಗ ಒಂದ ಸಲ ಹೇಳ್ತಾಳ, ನಾ ದಿನಾ ಹೇಳ್ತೇನಿ,” ಎಂದಳು ಶ್ವೇತಾ. “ನೀವು ಕಡಲಿ ನೆನೆ ಹಾಕೂದು ನೋಡ್ರಿ.”

ಕಾರ್ಯದ ದಿನ ಬೀಗರು ಹೇಳಿದಷ್ಟೇ ಮಂದಿ ಬಂದರು. ಮೊದಲು ಪದ್ಧತಿಯಂತೆ ರುಬ್ಬುವ ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ಕಟ್ಟಿ ತೊಟ್ಟಿಲಲ್ಲಿಟ್ಟು ತೂಗಿದರು. ಕೊಂಡಿ ಅದರ ಭಾರ ತಡೆಯಿತು. ಆಮೇಲೆ ಕೂಸು. ಹಿರಿಯ ಹೆಂಗಸರು ಜೋಗುಳ ಹಾಡಿದರು. ಅರ್ಪಿತಾ ತೊಟ್ಟಿಲ ಮೇಲೆ ಬಗ್ಗಿದಳು. ಒಂದು ಹೆಸರು ಹೇಳಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದಳು. ಕೂಸಿಗೆ ಅವಳು ಇನ್ನೂ ಏನೇನು ಹೇಳಿದಳೋ ಗೊತ್ತಿಲ್ಲ. ಹೆಂಗಸರು ತಮ್ಮ ಪಾಲಿನ ಕೆಲಸ ಮನಃಪೂರ್ತಿಯಾಗಿ ಮಾಡಿದರು. ಆ ಗುದ್ದಿನ ಸದ್ದಿಗೆ ನಾನೇ ಬೆನ್ನು ಮುಟ್ಟಿಕೊಂಡೆ. ನನ್ನಾಕೆ ಹಾಕಿದ ಗುದ್ದು ಸ್ವಲ್ಪ ಜೋರಾಗಿಯೇ ಇತ್ತು.

ಅರ್ಪಿತಾ ನೆಟ್ಟಗಾದಳು. ತೆರೆದ ಬಾಗಿಲ ಕಡೆ ಮುಖ ಮಾಡಿ, ಮಣೂಕದ ಶೆಡ್ಡಿನಲ್ಲಿ ಆಳುಗಳನ್ನು ಕೂಗುವ ದನಿಯಲ್ಲಿ ಹೇಳಿದಳು:

“ದಾನಮ್ಮ! ಶ್ವೇತಾನ ದಾನಮ್ಮ!”

ಬೀಗರ ಕಡೆಯ ಒಬ್ಬ ಮುದುಕಿ, “ಅಯ್ಯ ಇವಳs, ನಿನ್ನ ಹೆಸರs ಇಟ್ಟಿ ಅಲ್ಲ ಬೇ?” ಎಂದಳು.

“ನಂದಲ್ಲಬೇ. ನಾ ಬಾಳವ್ವನ ದಾನಮ್ಮ, ಇಕಿ ಶ್ವೇತಾನ ದಾನಮ್ಮ. ಬ್ಯಾರೆ ಬ್ಯಾರೆ,” ಎಂದಳು ಅರ್ಪಿತಾ. ಬೆನ್ನು ನೀವಿಕೊಳ್ಳುತ್ತ ಶ್ವೇತಾಳ ಪಕ್ಕಕ್ಕೆ ಹೋಗಿ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ; ಇಬ್ಬರ ಕೈಯೂ ತೊಟ್ಟಿಲ ಹಗ್ಗದ ಮೇಲಿತ್ತು. ಅಷ್ಟರಲ್ಲಿ ಮೂರನೇ ಮನೆಯ ನಿವೃತ್ತ ಬ್ಯಾಂಕಿನವರು ಬನಿಯನ್ನಿನಲ್ಲೇ ಗೇಟಿಗೆ ಬಂದು, “ಯಾರನ್ನರ ಕರದ್ರೇನ್ರಿ?” ಎಂದು ಕೇಳಿದರು. ಅವರನ್ನು ಒಳಗೆ ಕರೆದು ಹೋಳಿಗೆಗೆ ಕೂರಿಸಿದೆ.

ಹಗ್ಗ ಸಡಿಲಾಗಲಿಲ್ಲ. ಕಡಲೆ ಬೆಣ್ಣೆಯಂತೆ ಬೆಂದಿತ್ತು. ಕಟ್ಟಿಸಿಕೊಂಡ ಹಲ್ಲಿನ ಹಿರಿಯರು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಶಾಮಿಯಾನಾ ನಿಂತೇ ಇತ್ತು. ಖಣ ಎಲ್ಲರಿಗೂ ಸಿಕ್ಕು ಎರಡು ಉಳಿದವು. ಕೂಸು ಅಳಬೇಕಾದಾಗ ಅತ್ತಿತು, ಮಲಗಬೇಕಾದಾಗ ಮಲಗಿತು.

ತಪ್ಪಿದ್ದು ಒಂದೇ, ಅದೂ ಸಣ್ಣದು. ಊಟ ಮುಗಿದು ಬೀಗರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಕೂಸು ಕಣ್ಣು ಬಿಟ್ಟಿತು. ಹುಬ್ಬು ಗಂಟಿಕ್ಕಿ, ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಹಾಜರಿ ತೆಗೆದುಕೊಳ್ಳುವಂತೆ ನಮ್ಮನ್ನೆಲ್ಲ ಒಂದು ಕಡೆಯಿಂದ ನೋಡಿತು. ಆಗ ಮೊದಲು ಬಾಯಿ ತಪ್ಪಿ, ಇಟ್ಟ ಹೆಸರು ಬಿಟ್ಟು ಬೇರೆಯೇ ಕರೆದದ್ದು ನಾನೆಂದು ನನ್ನಾಕೆ ಹೇಳುತ್ತಾಳೆ. ಇರಬಹುದು. ಅಳಿಯ ಅದನ್ನೇ ಹೇಳಿ ನಕ್ಕ, ಅರ್ಪಿತಾ ಅದನ್ನೇ ಹೇಳಿ ಕೂಸಿನ ಗಲ್ಲ ಹಿಂಡಿದಳು, ಮೂರನೇ ಮನೆಯವರು ಹೊರಡುವಾಗ ಅದನ್ನೇ ಹೇಳಿ ಕೈಮುಗಿದು ಹೋದರು. ದಿನಾ ಹೇಳುತ್ತೇನೆ ಎಂದಿದ್ದ ಶ್ವೇತಾ ಮಾತ್ರ ತಡೆದುಕೊಂಡಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಶಾಮಿಯಾನಾದ ಹಗ್ಗ ಬಿಚ್ಚುತ್ತಿದ್ದೆ. ಒಳಗಿನಿಂದ ಅಳು ಕೇಳಿತು. ಹಿಂದೆಯೇ ಮಗಳು ಕೂಗಿದಳು, ಮೂರನೇ ಮನಿಗೂ ಕೇಳುವ ಹಾಗೆ:

“ಅಪ್ಪಾ, ಲಗೂನ ಬರ್ರಿ, ಅಕ್ಕೋರು ಎದ್ದಾರ!”